ಎಸೆದ ಕಲ್ಲು ಎಷ್ಟು ದೂರ ಹೋಗುತ್ತದೆ?

(ಸಂಸ್ಥೆಯ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಬಹುಮಾನ ವಿತರಣೆಯ ದಿನ ದೀರ್ಘ ಭಾಷಣ ಯಾರಿಗೂ ಬೇಡ ಎಂಬುದು ನನಗೆ ಗೊತ್ತು. ಬಹುಮಾನ ಪಡೆಯುವವರ ಕಣ್ಣು ಮೇಜಿನ ಮೇಲಿರುತ್ತದೆ, ಪಡೆಯದವರ ಕಣ್ಣು ಬಾಗಿಲ ಕಡೆಗಿರುತ್ತದೆ. ಆದರೂ ವಿಜ್ಞಾನದ ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘಟಕರು ಹೇಳಿದ್ದಾರೆ. ಉಪಗ್ರಹ, ಕಂಪ್ಯೂಟರ್‌ಗಳಂಥ ದೊಡ್ಡ ವಿಷಯಗಳನ್ನು ಬಿಟ್ಟು, ನೀವೆಲ್ಲರೂ ಕೈಯಾರೆ ಮಾಡಿರುವ ಒಂದು ಕೆಲಸದ ಬಗ್ಗೆ ಮಾತನಾಡುತ್ತೇನೆ. ಅದು ಕಲ್ಲು ಎಸೆಯುವ ಕೆಲಸ.

ಮಾವಿನ ಮರಕ್ಕೆ ಕಲ್ಲು ಎಸೆಯದ ಬಾಲ್ಯ ನಮ್ಮಲ್ಲಿ ಯಾರಿಗಿದೆ? ನಿಮ್ಮಲ್ಲಿ ಅನೇಕರು ಚಿನ್ನಿ ದಾಂಡು ಆಡಿರುತ್ತೀರಿ. ಚಿನ್ನಿಯನ್ನು ನೆಲಕ್ಕೆ ತಾಗಿದಂತೆ ಹೊಡೆದರೆ ನಾಲ್ಕು ಮಾರು ಹೋಗಿ ಬೀಳುತ್ತದೆ. ನೆಟ್ಟಗೆ ಮೇಲಕ್ಕೆ ಹೊಡೆದರೆ ನಿಮ್ಮ ತಲೆಯ ಮೇಲೆಯೇ ಇಳಿಯುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಓರೆ ಇದೆ, ಆ ಓರೆಯಲ್ಲಿ ಹೊಡೆದರೆ ಚಿನ್ನಿ ಅತಿ ದೂರ ಹೋಗುತ್ತದೆ. ಅದು ಎಷ್ಟು ಡಿಗ್ರಿ? ಪಿ.ಯು.ಸಿ. ವಿಜ್ಞಾನ ಓದಿದವರು ಒಂದೇ ದನಿಯಲ್ಲಿ ‘45 ಡಿಗ್ರಿ’ ಎನ್ನುತ್ತಾರೆ. ಸರಿಯಾದ ಉತ್ತರ. ಆದರೆ ಇದೇ ಉತ್ತರಕ್ಕಾಗಿ ನಾನು ಒಮ್ಮೆ ಒಬ್ಬ ವಿದ್ಯಾರ್ಥಿನಿಗೆ ಅನ್ಯಾಯ ಮಾಡಿದ್ದೇನೆ. ಇವತ್ತಿನ ಮಾತು ಆ ಸಾಲ ತೀರಿಸುವ ಸಣ್ಣ ಪ್ರಯತ್ನ.

ನಾನು ಉಪನ್ಯಾಸಕನಾಗಿ ಸೇರಿದ ಮೊದಲ ವರ್ಷಗಳ ಮಾತು. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಗುಂಡು ಎಸೆತದಲ್ಲಿ ಕಾಲೇಜನ್ನು ಪ್ರತಿನಿಧಿಸುತ್ತಿದ್ದಳು, ಒಂಬತ್ತು ಮೀಟರ್ ಎಸೆಯುತ್ತಿದ್ದಳು. ಕಿರು ಪರೀಕ್ಷೆಯಲ್ಲಿ ‘ಗುಂಡನ್ನು ಅತಿ ದೂರ ಎಸೆಯಲು ಯಾವ ಕೋನದಲ್ಲಿ ಎಸೆಯಬೇಕು?’ ಎಂದು ಕೇಳಿದ್ದೆ. ‘45 ಡಿಗ್ರಿಗಿಂತ ಕಡಿಮೆ’ ಎಂದು ಆಕೆ ಬರೆದಿದ್ದಳು. ನಾನು ಕೆಂಪು ಗೆರೆ ಎಳೆದೆ. ಆಕೆ ಎದ್ದು ನಿಂತು, ‘ಸರ್, 45 ಡಿಗ್ರಿಯಲ್ಲಿ ಎಸೆದರೆ ಗುಂಡು ಹತ್ತಿರವೇ ಬೀಳುತ್ತದೆ, ನಾನು ದಿನಾ ಎಸೆಯುತ್ತೇನೆ’ ಎಂದಳು. ‘ಮೈದಾನದ್ದು ಮೈದಾನದಲ್ಲಿರಲಿ, ಇಲ್ಲಿ ಪುಸ್ತಕದಲ್ಲಿರುವುದನ್ನು ಬರೆ’ ಎಂದೆ ನಾನು. ತರಗತಿ ನಕ್ಕಿತು. ಆಕೆ ಕುಳಿತಳು. ಆಮೇಲೆ ವರ್ಷವಿಡೀ ಆಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರು ವರ್ಷ ವಿಜ್ಞಾನ ಬಿಟ್ಟು ಬೇರೆ ವಿಭಾಗಕ್ಕೆ ಹೋದಳು. ಅದಕ್ಕೆ ನನ್ನ ಕೆಂಪು ಗೆರೆಯೇ ಕಾರಣವೆಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಆಕೆ ಬರೆದದ್ದು ಸರಿ, ನಾನು ಹೇಳಿದ್ದು ತಪ್ಪು ಎಂದು ನನಗೆ ತಿಳಿಯಲು ಕೆಲವು ವರ್ಷಗಳು ಬೇಕಾದವು. ಅದು ಹೇಗೆ ಎಂಬುದನ್ನು ಈಗ ಹಂತ ಹಂತವಾಗಿ ನೋಡೋಣ.

45 ಡಿಗ್ರಿ ಎಲ್ಲಿಂದ ಬಂತು?

ನೀವು ಒಂದು ಕಲ್ಲನ್ನು ಓರೆಯಾಗಿ ಎಸೆದಾಗ ಅದರ ವೇಗವನ್ನು ಎರಡು ಭಾಗವಾಗಿ ನೋಡಬಹುದು. ಒಂದು ಭಾಗ ಕಲ್ಲನ್ನು ಮೇಲಕ್ಕೆ ಒಯ್ಯುತ್ತದೆ. ಇನ್ನೊಂದು ಭಾಗ ಮುಂದಕ್ಕೆ ಒಯ್ಯುತ್ತದೆ. ಮೇಲಕ್ಕೆ ಹೋಗುವ ವೇಗವನ್ನು ಭೂಮಿಯ ಗುರುತ್ವ ಕ್ಷಣಕ್ಷಣಕ್ಕೂ ತಗ್ಗಿಸುತ್ತದೆ, ಕೊನೆಗೆ ಕಲ್ಲನ್ನು ಕೆಳಕ್ಕೆ ಎಳೆಯುತ್ತದೆ. ಮುಂದಕ್ಕೆ ಹೋಗುವ ವೇಗದ ತಂಟೆಗೆ ಗುರುತ್ವ ಬರುವುದಿಲ್ಲ. ಹಾಗಾಗಿ ಕಲ್ಲು ಗಾಳಿಯಲ್ಲಿ ಎಷ್ಟು ಹೊತ್ತು ಇರಬೇಕು ಎಂಬುದನ್ನು ಮೇಲ್ಮುಖ ವೇಗ ನಿರ್ಧರಿಸುತ್ತದೆ. ಅಷ್ಟು ಹೊತ್ತಿನಲ್ಲಿ ಎಷ್ಟು ದೂರ ಸಾಗಬೇಕು ಎಂಬುದನ್ನು ಮುಮ್ಮುಖ ವೇಗ ನಿರ್ಧರಿಸುತ್ತದೆ. ದೂರ ಎಂದರೆ ಈ ಎರಡರ ಗುಣಲಬ್ಧ.

ಒಂದು ಲೆಕ್ಕ ಮಾಡೋಣ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಕಲ್ಲು ಎಸೆಯುತ್ತೀರಿ ಎಂದುಕೊಳ್ಳಿ. ಗುರುತ್ವ ವೇಗೋತ್ಕರ್ಷವನ್ನು ಸುಲಭಕ್ಕಾಗಿ 10 ಎಂದಿಟ್ಟುಕೊಳ್ಳೋಣ. 15 ಡಿಗ್ರಿಯಲ್ಲಿ ಎಸೆದರೆ ಕಲ್ಲು 20 ಮೀಟರ್ ಹೋಗುತ್ತದೆ. 30 ಡಿಗ್ರಿಯಲ್ಲಿ 34.6 ಮೀಟರ್. 45 ಡಿಗ್ರಿಯಲ್ಲಿ 40 ಮೀಟರ್. 60 ಡಿಗ್ರಿಗೆ ಏರಿಸಿದರೆ ಮತ್ತೆ 34.6 ಮೀಟರ್. 75 ಡಿಗ್ರಿಯಲ್ಲಿ ಮತ್ತೆ 20 ಮೀಟರ್. ಓರೆ ಕಡಿಮೆಯಾದರೆ ಮುಂದೆ ಓಡುವ ವೇಗ ಚೆನ್ನಾಗಿದೆ, ಓಡಲು ಸಮಯವಿಲ್ಲ. ಓರೆ ಹೆಚ್ಚಾದರೆ ಸಮಯ ಬೇಕಾದಷ್ಟಿದೆ, ಓಡುವ ವೇಗವಿಲ್ಲ. 45 ಡಿಗ್ರಿಯಲ್ಲಿ ಎರಡೂ ಸರಿಸಮ.

ಈ ಅಂಕಿಗಳಲ್ಲಿ ಎರಡು ಸ್ವಾರಸ್ಯಗಳಿವೆ. ಮೊದಲನೆಯದು, ಕೂಡಿದರೆ 90 ಆಗುವ ಯಾವ ಎರಡು ಕೋನಗಳನ್ನು ತೆಗೆದುಕೊಂಡರೂ ದೂರ ಒಂದೇ. 30 ಮತ್ತು 60 ಒಂದೇ ಜಾಗಕ್ಕೆ ಕಲ್ಲನ್ನು ಮುಟ್ಟಿಸುತ್ತವೆ. ಆದರೆ 30 ಡಿಗ್ರಿಯ ಕಲ್ಲು 2 ಸೆಕೆಂಡಿನಲ್ಲಿ ಮುಟ್ಟಿದರೆ 60 ಡಿಗ್ರಿಯ ಕಲ್ಲಿಗೆ ಸುಮಾರು ಮೂರೂವರೆ ಸೆಕೆಂಡ್ ಬೇಕು. ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ಚೆಂಡೆಸೆಯುವ ಫೀಲ್ಡರ್ ಚೆಂಡನ್ನು ಆಕಾಶಕ್ಕೆ ಏರಿಸದೆ ತಗ್ಗಾಗಿ ಎಸೆಯುವುದು ಏಕೆಂದು ಈಗ ನಿಮಗೆ ಗೊತ್ತಾಯಿತು. ಆ ಒಂದೂವರೆ ಸೆಕೆಂಡಿನಲ್ಲಿ ಬ್ಯಾಟ್ಸ್‌ಮನ್ ರನೌಟ್ ಆಗುತ್ತಾನೆ ಅಥವಾ ಉಳಿಯುತ್ತಾನೆ.

ಎರಡನೆಯದು, 45ರ ಆಸುಪಾಸಿನಲ್ಲಿ ಸ್ವಲ್ಪ ತಪ್ಪಿದರೆ ದೊಡ್ಡ ನಷ್ಟವಿಲ್ಲ. 40 ಡಿಗ್ರಿಯಲ್ಲಿ ಎಸೆದರೂ 39.4 ಮೀಟರ್ ಹೋಗುತ್ತದೆ. ಐದು ಡಿಗ್ರಿ ತಪ್ಪಿದ್ದಕ್ಕೆ ನಷ್ಟ ಅರವತ್ತು ಸೆಂಟಿಮೀಟರ್ ಮಾತ್ರ. ಅದೇ ವೇಗವನ್ನು 20ರಿಂದ 19ಕ್ಕೆ ಇಳಿಸಿದರೆ ದೂರ ಸುಮಾರು 4 ಮೀಟರ್ ಕಡಿಮೆಯಾಗುತ್ತದೆ. ಏಕೆಂದರೆ ದೂರವು ವೇಗದ ವರ್ಗವನ್ನು ಅವಲಂಬಿಸಿದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಉತ್ತರದ ಹಿಂದಿನ ಎರಡು ಸಾವಿರ ವರ್ಷ

ನಾವು ಐದು ನಿಮಿಷದಲ್ಲಿ ಮಾಡಿದ ಈ ಲೆಕ್ಕಕ್ಕೆ ಮನುಕುಲ ಬಹಳ ಕಾಲ ಕಾಯಬೇಕಾಯಿತು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್‌ನಿಗೆ ಎಸೆದ ಕಲ್ಲು ಒಂದು ಒಗಟಾಗಿತ್ತು. ಕೈ ಬಿಟ್ಟ ಮೇಲೂ ಕಲ್ಲು ಏಕೆ ಚಲಿಸುತ್ತದೆ? ಹಿಂದಿನಿಂದ ಗಾಳಿಯೇ ಅದನ್ನು ತಳ್ಳುತ್ತದೆ ಎಂದು ಆತ ಭಾವಿಸಿದ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೋಪೋನಸ್ ಇದನ್ನು ಒಪ್ಪಲಿಲ್ಲ. ಎಸೆಯುವವನು ಕಲ್ಲಿಗೇ ಒಂದು ಶಕ್ತಿಯನ್ನು ತುಂಬುತ್ತಾನೆ ಎಂದ. 980ರಲ್ಲಿ ಹುಟ್ಟಿ 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ವೈದ್ಯಕೀಯಕ್ಕಾಗಿ ಹೆಸರಾದವರು. ಅವರ ‘ಕಿತಾಬ್ ಅಶ್ಶಿಫಾ’ ಗ್ರಂಥದಲ್ಲಿ ಈ ವಿಚಾರವೂ ಇದೆ. ಎಸೆಯುವವನಿಂದ ವಸ್ತುವಿಗೆ ‘ಮೈಲ್’ ಎಂಬ ಒಲವು ಬರುತ್ತದೆ, ಅದು ತಾನಾಗಿ ಸವೆಯುವುದಿಲ್ಲ, ಗಾಳಿಯಂಥ ಅಡ್ಡಿಗಳೇ ಅದನ್ನು ಸವೆಸುತ್ತವೆ, ಅಡ್ಡಿಯೇ ಇಲ್ಲದ ಶೂನ್ಯದಲ್ಲಿ ಚಲನೆ ನಿಲ್ಲಲು ಕಾರಣವಿಲ್ಲ ಎಂದು ಅವರು ವಾದಿಸಿದರು. ಗಾಳಿ ತಳ್ಳುವುದಿಲ್ಲ, ತಡೆಯುತ್ತದೆ ಎಂಬ ತಿಳಿವಳಿಕೆ ಅಲ್ಲಿದೆ. ಅದನ್ನೂ ನೆನಪಿಡಿ.

ಇನ್ನು 45 ಡಿಗ್ರಿಯ ಕಥೆ. ಇಟಲಿಯ ಬ್ರೆಷಿಯಾ ಎಂಬ ಊರಿನಲ್ಲಿ ನಿಕೊಲೊ ಎಂಬ ಬಡ ಹುಡುಗನಿದ್ದ. 1512ರಲ್ಲಿ ಫ್ರೆಂಚ್ ಸೈನ್ಯ ಊರನ್ನು ಲೂಟಿ ಮಾಡಿದಾಗ ಒಬ್ಬ ಸೈನಿಕ ಆ ಬಾಲಕನ ದವಡೆಯನ್ನು ಖಡ್ಗದಿಂದ ಕಡಿದ. ಹುಡುಗ ಬದುಕುಳಿದ, ಆದರೆ ಮಾತು ತೊದಲತೊಡಗಿತು. ಜನ ಅವನನ್ನು ‘ತಾರ್ತಾಲ್ಯ’ ಅಂದರೆ ತೊದಲ ಎಂದು ಕರೆದರು. ಅಕ್ಷರಮಾಲೆ ಕಲಿಯಲು ಹೋದರೆ ಅರ್ಧಕ್ಕೆ ಬರುವ ಹೊತ್ತಿಗೆ ಮೇಷ್ಟರಿಗೆ ಕೊಡಲು ಹಣ ಮುಗಿಯಿತು. ಉಳಿದದ್ದನ್ನು ತಾನೇ ಕಲಿತ. ಅವನೇ ಮುಂದೆ ಯುರೋಪಿನ ದೊಡ್ಡ ಗಣಿತಜ್ಞರಲ್ಲಿ ಒಬ್ಬನಾದ. 1531ರಲ್ಲಿ ವೆರೊನಾದಲ್ಲಿ ಒಬ್ಬ ಫಿರಂಗಿಯವನು, ‘ಫಿರಂಗಿಯನ್ನು ಎಷ್ಟು ಓರೆ ಇಟ್ಟರೆ ಗುಂಡು ಅತಿ ದೂರ ಹೋಗುತ್ತದೆ?’ ಎಂದು ಅವನನ್ನು ಕೇಳಿದ. 45 ಡಿಗ್ರಿ ಎಂದು ತಾರ್ತಾಲ್ಯ ಉತ್ತರಿಸಿದ. 1537ರಲ್ಲಿ ವೆನಿಸ್‌ನಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದ. ಮನುಷ್ಯರನ್ನು ಕೊಲ್ಲುವ ವಿದ್ಯೆಯನ್ನು ಬೆಳೆಸುವುದು ಸರಿಯೇ ಎಂಬ ಅಳುಕಿನಿಂದ ಅವನು ಒಮ್ಮೆ ತನ್ನ ಬರಹವನ್ನು ನಾಶಮಾಡಿದ್ದನಂತೆ. ನಂತರ ಯುದ್ಧದ ಭೀತಿ ಊರ ಬಾಗಿಲಿಗೆ ಬಂದಾಗ ಮನಸ್ಸು ಬದಲಿಸಿದ.

ಇಲ್ಲಿ ಒಂದು ಸೂಕ್ಷ್ಮ ಇದೆ. ತಾರ್ತಾಲ್ಯನ ಉತ್ತರ ಸರಿಯಾಗಿತ್ತು, ಆದರೆ ಅವನು ಬರೆದ ದಾರಿ ತಪ್ಪಾಗಿತ್ತು. ಗುಂಡು ಮೊದಲು ನೇರ ಗೆರೆಯಲ್ಲಿ ಹೋಗುತ್ತದೆ, ನಂತರ ವೃತ್ತದ ತುಂಡಿನಂತೆ ಬಾಗುತ್ತದೆ, ಕೊನೆಗೆ ನೆಟ್ಟಗೆ ಕೆಳಗೆ ಬೀಳುತ್ತದೆ ಎಂದು ಅವನು ಚಿತ್ರಿಸಿದ್ದ. ಗುಂಡಿನ ದಾರಿ ಎಲ್ಲಿಯೂ ಪೂರ್ತಿ ನೇರವಲ್ಲ ಎಂದು 1546ರ ಪುಸ್ತಕದಲ್ಲಿ ತಾನೇ ತಿದ್ದಿಕೊಂಡ. ಸರಿಯಾದ ಕಾರಣ ಕೊಟ್ಟವನು ಗೆಲಿಲಿಯೊ. ಅಡ್ಡ ಚಲನೆ ಬೇರೆ, ಲಂಬ ಚಲನೆ ಬೇರೆ, ಎರಡೂ ಸೇರಿ ಪರವಲಯವಾಗುತ್ತದೆ ಎಂದು ಅವನು ತೋರಿಸಿದ. ಗೃಹಬಂಧನದಲ್ಲಿದ್ದು ಕಣ್ಣಿನ ದೃಷ್ಟಿ ಕಳೆದುಕೊಂಡ ಆ ವೃದ್ಧನ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ಇಂದು ನೀವು ಪರೀಕ್ಷೆಯಲ್ಲಿ ಬರೆಯುವ 45 ಡಿಗ್ರಿಯ ಸಾಧನೆಯ ಬೇರು ಆ ಪುಸ್ತಕದಲ್ಲಿದೆ. ಗಾಳಿಯ ತಡೆಯನ್ನು ತಾನು ಬಿಟ್ಟಿದ್ದೇನೆ ಎಂಬುದನ್ನು ಗೆಲಿಲಿಯೊ ಮುಚ್ಚಿಡಲಿಲ್ಲ. ಮುಚ್ಚಿಟ್ಟವರು ನನ್ನಂಥ ಮೇಷ್ಟರು.

ಉತ್ತರದ ಕೆಳಗಿರುವ ಷರತ್ತುಗಳು

ಬ್ಯಾಂಕಿನ ಸಾಲದ ಕಾಗದದಲ್ಲಿ ಕೆಳಗೆ ಸಣ್ಣ ಅಕ್ಷರಗಳಲ್ಲಿ ಷರತ್ತುಗಳಿರುತ್ತವೆ ಅಲ್ಲವೇ? 45 ಡಿಗ್ರಿ ಎಂಬ ಉತ್ತರದ ಕೆಳಗೂ ಮೂರು ಷರತ್ತುಗಳಿವೆ. ಒಂದು, ಎಸೆದ ಎತ್ತರ ಮತ್ತು ಬಿದ್ದ ಎತ್ತರ ಒಂದೇ ಆಗಿರಬೇಕು. ಎರಡು, ಯಾವ ಕೋನದಲ್ಲಿ ಎಸೆದರೂ ಎಸೆಯುವ ವೇಗ ಒಂದೇ ಇರಬೇಕು. ಮೂರು, ಗಾಳಿ ಇರಬಾರದು. ಈ ಮೂರೂ ಇದ್ದರೆ 45. ಒಂದು ತಪ್ಪಿದರೂ ಉತ್ತರ ಬದಲಾಗುತ್ತದೆ.

ಮೊದಲ ಷರತ್ತನ್ನು ನೋಡೋಣ. ಗುಂಡು ಎಸೆಯುವವರು ನೆಲದ ಮೇಲಿಂದ ಎಸೆಯುವುದಿಲ್ಲ, ಹೆಗಲಿಗಿಂತ ಮೇಲಿಂದ ಎಸೆಯುತ್ತಾರೆ. ಗುಂಡು ಬೀಳುವುದು ನೆಲಕ್ಕೆ. ಆ ಎತ್ತರದಿಂದಾಗಿ ಗುಂಡಿಗೆ ಗಾಳಿಯಲ್ಲಿರಲು ಸ್ವಲ್ಪ ಹೆಚ್ಚು ಸಮಯ ಪುಕ್ಕಟೆಯಾಗಿ ಸಿಗುತ್ತದೆ. ಸಮಯ ಪುಕ್ಕಟೆ ಸಿಕ್ಕ ಮೇಲೆ ವೇಗವನ್ನು ಮೇಲಕ್ಕೆ ಕಡಿಮೆ, ಮುಂದಕ್ಕೆ ಹೆಚ್ಚು ಹಂಚುವುದು ಲಾಭ. ಸೆಕೆಂಡಿಗೆ 14 ಮೀಟರ್ ವೇಗದಲ್ಲಿ, 2.1 ಮೀಟರ್ ಎತ್ತರದಿಂದ ಎಸೆಯುವ ಬಲಿಷ್ಠ ಕ್ರೀಡಾಪಟುವಿಗೆ ಲೆಕ್ಕದ ಪ್ರಕಾರ ಅತ್ಯುತ್ತಮ ಕೋನ ಸುಮಾರು 42 ಡಿಗ್ರಿ. ವೇಗ ಕಡಿಮೆಯಾದಷ್ಟೂ ಎತ್ತರದ ಪ್ರಭಾವ ಹೆಚ್ಚು. ನನ್ನ ವಿದ್ಯಾರ್ಥಿನಿಯಂತೆ ಒಂಬತ್ತು ಮೀಟರ್ ಎಸೆಯುವವರ ವೇಗ ಸೆಕೆಂಡಿಗೆ ಸುಮಾರು ಎಂಟೂವರೆ ಮೀಟರ್. 1.8 ಮೀಟರ್ ಎತ್ತರದಿಂದ ಎಸೆದರೆ ಅತ್ಯುತ್ತಮ ಕೋನ ಸುಮಾರು 39 ಡಿಗ್ರಿ. ಇದಕ್ಕೆ ದೊಡ್ಡ ಗಣಿತವೇನೂ ಬೇಡ, ಪಿ.ಯು.ಸಿ. ಗಣಿತವೇ ಸಾಕು. ಅಂದು ಆಕೆಯನ್ನು ಕೂರಿಸುವ ಬದಲು ನಾನೇ ಕುಳಿತು ಆ ಲೆಕ್ಕ ಮಾಡಿದ್ದರೆ ಆಕೆಯ ಉತ್ತರ ಸರಿ ಎಂದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಎರಡನೆಯ ಷರತ್ತು ಇನ್ನೂ ಮುಖ್ಯ. ಫಿರಂಗಿಯನ್ನು ಯಾವ ಕೋನದಲ್ಲಿಟ್ಟರೂ ಮದ್ದಿನ ಬಲ ಹೆಚ್ಚುಕಡಿಮೆ ಒಂದೇ. ಮನುಷ್ಯನ ತೋಳು ಹಾಗಲ್ಲ. ಗುಂಡನ್ನು ಮೇಲಕ್ಕೆ ತಳ್ಳುವಾಗ ಅದರ ಭಾರದ ವಿರುದ್ಧವೂ ಹೋರಾಡಬೇಕು. ನಮ್ಮ ಹೆಗಲು, ಎದೆ, ತೋಳುಗಳ ಸ್ನಾಯುಗಳು ಮುಂದಕ್ಕೆ ತಳ್ಳುವಷ್ಟು ಜೋರಾಗಿ ಮೇಲಕ್ಕೆ ತಳ್ಳಲಾರವು. ಹಾಗಾಗಿ ಕೋನ ಏರಿದಂತೆ ಎಸೆಯುವ ವೇಗ ಇಳಿಯುತ್ತದೆ. ಈಗ ನಾನು ನೆನಪಿಡಿ ಎಂದ ಮಾತಿಗೆ ಬನ್ನಿ. ಕೋನ ಸ್ವಲ್ಪ ತಪ್ಪಿದರೆ ನಷ್ಟ ಕಡಿಮೆ, ವೇಗ ಸ್ವಲ್ಪ ತಗ್ಗಿದರೆ ನಷ್ಟ ಹೆಚ್ಚು. ಒಬ್ಬ ಕ್ರೀಡಾಪಟು 42 ಡಿಗ್ರಿಯಲ್ಲಿ ಎಸೆದಾಗ ವೇಗ ಸೆಕೆಂಡಿಗೆ 13.5 ಮೀಟರ್ ಬರುತ್ತದೆ, 36 ಡಿಗ್ರಿಗೆ ಇಳಿಸಿದಾಗ 14 ಮೀಟರ್ ಬರುತ್ತದೆ ಎಂದುಕೊಳ್ಳಿ. ಮೊದಲ ಎಸೆತ ಸುಮಾರು 20.6 ಮೀಟರ್ ಹೋಗುತ್ತದೆ. ಎರಡನೆಯದು 21.6 ಮೀಟರ್. ‘ತಪ್ಪು’ ಕೋನದಲ್ಲಿ ಎಸೆದವನು ಒಂದು ಮೀಟರ್ ಮುಂದೆ! ವಿಶ್ವಮಟ್ಟದ ಗುಂಡು ಎಸೆತಗಾರರು 45ರಲ್ಲಾಗಲಿ 42ರಲ್ಲಾಗಲಿ ಅಲ್ಲ, ಸಾಮಾನ್ಯವಾಗಿ 31ರಿಂದ 37 ಡಿಗ್ರಿಗಳ ನಡುವೆ ಎಸೆಯುವುದು ಇದಕ್ಕಾಗಿಯೇ.

ಉದ್ದ ಜಿಗಿತದಲ್ಲಿ ಇದು ಇನ್ನೂ ಸ್ಪಷ್ಟ. 1991ರಲ್ಲಿ ಟೋಕಿಯೊದಲ್ಲಿ ಅಮೆರಿಕದ ಮೈಕ್ ಪೊವೆಲ್ 8.95 ಮೀಟರ್ ಜಿಗಿದು ವಿಶ್ವದಾಖಲೆ ಮಾಡಿದರು. ಉತ್ತಮ ಜಿಗಿತಗಾರರು ನೆಲ ಬಿಡುವ ಕೋನ ಸುಮಾರು 20 ಡಿಗ್ರಿ ಮಾತ್ರ. ನೆಲ ಬಿಡುವಾಗ ಮುಮ್ಮುಖ ವೇಗ ಸೆಕೆಂಡಿಗೆ 9 ಮೀಟರಿನಷ್ಟಿರುತ್ತದೆ, ಒಂದು ಕಾಲಿನಿಂದ ಒದ್ದು ಪಡೆಯಬಹುದಾದ ಮೇಲ್ಮುಖ ವೇಗ ಮೂರೂವರೆ ಮೀಟರಿನಷ್ಟು. ಇವೆರಡನ್ನು ಸೇರಿಸಿದರೆ ಕೋನ 21 ಡಿಗ್ರಿ ಬರುತ್ತದೆ. 45 ಡಿಗ್ರಿಯೇ ಬೇಕೆಂದರೆ ಎರಡೂ ವೇಗಗಳು ಸಮವಾಗಬೇಕು. ಮೇಲ್ಮುಖ ವೇಗವನ್ನು ಅಷ್ಟಕ್ಕೆ ಏರಿಸಲಾಗುವುದಿಲ್ಲ, ಆದ್ದರಿಂದ ಓಟವನ್ನೇ ನಿಧಾನ ಮಾಡಬೇಕು. ಹಾಗೆ ಮಾಡಿದವನು ಪುಸ್ತಕದ ಕೋನದಲ್ಲಿ ಜಿಗಿದು ಸ್ಪರ್ಧೆಯಲ್ಲಿ ಕೊನೆಯವನಾಗುತ್ತಾನೆ.

ಮೂರನೆಯದು ಗಾಳಿ. ಇಬ್ನ್ ಸೀನಾ ಹೇಳಿದ ಆ ಅಡ್ಡಿ. ಅದು ಎಷ್ಟು ದೊಡ್ಡ ಅಡ್ಡಿ ಎಂದು ಅಳೆದು ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ತೂಗುವ ಮರದ ದಿಮ್ಮಿಗೆ ಬಂದೂಕಿನ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತು ಎಂಬುದರಿಂದ ಗುಂಡಿನ ವೇಗವನ್ನು ಅವನು ಲೆಕ್ಕ ಹಾಕಿದ. 1742ರಲ್ಲಿ ಪುಸ್ತಕ ಬಂತು. ವೇಗವಾಗಿ ಹೋಗುವ ಗುಂಡುಗಳ ವಿಷಯದಲ್ಲಿ ಗಾಳಿಯನ್ನು ಬಿಟ್ಟು ಮಾಡಿದ ಲೆಕ್ಕ ಕೆಲಸಕ್ಕೆ ಬಾರದು, ನಿಜವಾದ ದೂರ ಅದರ ಸಣ್ಣ ಪಾಲು ಮಾತ್ರ ಎಂದು ಸಿದ್ಧವಾಯಿತು. ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ದಕ್ಷಿಣ ಭಾರತಕ್ಕೇ ಬಂದ. 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.

ಗಾಳಿಯ ತಡೆಯಿದ್ದರೆ ಸಾಮಾನ್ಯವಾಗಿ ಅತ್ಯುತ್ತಮ ಕೋನ 45ಕ್ಕಿಂತ ಇಳಿಯುತ್ತದೆ. ಹೆಚ್ಚು ಹೊತ್ತು ಗಾಳಿಯಲ್ಲಿದ್ದಷ್ಟೂ ಹೆಚ್ಚು ವೇಗ ಸೋರಿಹೋಗುತ್ತದೆ. ಗಾಲ್ಫ್ ಚೆಂಡಿನ ಮೈಮೇಲೆ ಸಣ್ಣ ಸಣ್ಣ ಕುಳಿಗಳಿರುತ್ತವೆ. ಹಿಂದಕ್ಕೆ ತಿರುಗುತ್ತಾ ಹೋಗುವ ಆ ಚೆಂಡನ್ನು ಗಾಳಿಯೇ ಎತ್ತಿ ಹಿಡಿಯುತ್ತದೆ, ಆದ್ದರಿಂದ ಅತಿ ದೂರದ ಹೊಡೆತಕ್ಕೆ 10ರಿಂದ 15 ಡಿಗ್ರಿ ಓರೆ ಸಾಕು. ಭರ್ಜಿಯೂ ಗಾಳಿಯ ಮೇಲೆ ಸ್ವಲ್ಪ ತೇಲುತ್ತದೆ. 2025ರ ಮೇ ತಿಂಗಳಲ್ಲಿ ದೋಹಾದಲ್ಲಿ ನಮ್ಮ ನೀರಜ್ ಚೋಪ್ರಾ 90.23 ಮೀಟರ್ ಎಸೆದದ್ದನ್ನು ನೀವು ನೋಡಿರಬಹುದು. ಉತ್ತಮ ಭರ್ಜಿ ಎಸೆತಗಾರರ ಕೋನ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದಾಗ ಮೈದಾನವೇ ಸಾಲದೆ ಹೋಗುವ ಭಯ ಹುಟ್ಟಿತು. 1986ರಲ್ಲಿ ಭರ್ಜಿಯ ಗುರುತ್ವಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿ, ಅದು ಬೇಗ ಮೂಗು ಬಗ್ಗಿಸಿ ಇಳಿಯುವಂತೆ ಮಾಡಿದರು.

ಗಾಳಿ ಇದ್ದರೆ ಯಾವಾಗಲೂ 45ಕ್ಕಿಂತ ಕಡಿಮೆ ಎಂದು ಈಗ ಬಾಯಿಪಾಠ ಮಾಡಬೇಡಿ! ಅದಕ್ಕೂ ಅಪವಾದವಿದೆ. 1918ರ ಮಾರ್ಚ್‌ನಲ್ಲಿ ಜರ್ಮನ್ನರು ಸುಮಾರು 120 ಕಿಲೋಮೀಟರ್ ದೂರದಿಂದ ಪ್ಯಾರಿಸ್ ನಗರದ ಮೇಲೆ ಗುಂಡು ಹಾರಿಸಿದರು. ಆ ಫಿರಂಗಿಯ ಓರೆ 50 ಡಿಗ್ರಿಗೂ ಹೆಚ್ಚು. ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ. ಕೆಳಗಿನ ದಟ್ಟ ಗಾಳಿಯನ್ನು ಬೇಗ ದಾಟಿ, ಸುಮಾರು 40 ಕಿಲೋಮೀಟರ್ ಎತ್ತರದ ತೆಳುಗಾಳಿಯಲ್ಲಿ ಸಾಗಿದರೆ ಹೆಚ್ಚು ದೂರ ಹೋಗಬಹುದು ಎಂಬುದು ಲೆಕ್ಕ. ಲೆಕ್ಕ ಸರಿಯಾಗಿತ್ತು. ಮಾರ್ಚ್ 29ರಂದು ಒಂದು ಗುಂಡು ಪ್ರಾರ್ಥನೆ ನಡೆಯುತ್ತಿದ್ದ ಇಗರ್ಜಿಯ ಮೇಲೆ ಬಿತ್ತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ತಾರ್ತಾಲ್ಯನ ಅಳುಕು ಸುಳ್ಳಾಗಿರಲಿಲ್ಲ. ಲೆಕ್ಕ ಕಲಿಯುವ ಮಕ್ಕಳು ಇದನ್ನೂ ತಿಳಿದಿರಬೇಕು.

ನಮ್ಮ ನೆಲದ ರಾಕೆಟ್

ಈ ವಿಷಯಕ್ಕೂ ನಮ್ಮ ಕರ್ನಾಟಕಕ್ಕೂ ಒಂದು ನೇರ ನಂಟಿದೆ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಉದ್ದನೆಯ ಬಿದಿರಿಗೆ ಕಟ್ಟಿ ರಾಕೆಟ್ ಹಾರಿಸುತ್ತಿತ್ತು. 1780ರ ಪೊಲ್ಲಿಲೂರು ಕದನದಲ್ಲಿ ಅವುಗಳ ಬಿಸಿ ಕಂಪನಿ ಸೈನ್ಯಕ್ಕೆ ತಟ್ಟಿತು. ಕೊಳವೆಯ ವ್ಯಾಸ ಮತ್ತು ಗುರಿಯ ದೂರ ನೋಡಿ ಯಾವ ಓರೆಯಲ್ಲಿ ಹಾರಿಸಬೇಕೆಂದು ಲೆಕ್ಕ ಹಾಕಲು ರಾಕೆಟ್ ಪಡೆಯವರಿಗೆ ತರಬೇತಿ ಇತ್ತು ಎಂದು ಇತಿಹಾಸಕಾರರು ಬರೆಯುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು, ವಿಲಿಯಂ ಕಾಂಗ್ರೀವ್‌ನ ರಾಕೆಟ್‌ಗಳಿಗೆ ಪ್ರೇರಣೆಯಾದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ ಕೊಳವೆಗಳು ಸಿಕ್ಕಿದ ಸುದ್ದಿ ನಿಮಗೆ ನೆನಪಿರಬಹುದು.

ರಾಕೆಟ್‌ಗೆ ನಮ್ಮ 45 ಡಿಗ್ರಿಯ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಕಲ್ಲಿಗೆ ಸಿಗುವ ವೇಗವೆಲ್ಲ ಕೈಯಲ್ಲಿರುವಾಗಲೇ ಸಿಗುತ್ತದೆ. ರಾಕೆಟ್ ಹಾರುತ್ತಾ ಹಾರುತ್ತಾ ವೇಗ ಪಡೆಯುತ್ತದೆ. ಹಾರಿಸಿದಾಗಿನ ಓರೆಯೇ ಬೇರೆ, ಮದ್ದು ಮುಗಿದಾಗಿನ ಓರೆಯೇ ಬೇರೆ. ಆ ಪಡೆಯವರ ಕೈಯಲ್ಲಿ ನಮ್ಮ ಪಠ್ಯಪುಸ್ತಕ ಇರಲಿಲ್ಲ. ಹಾರಿಸಿ ನೋಡಿ, ಬಿದ್ದ ಜಾಗಕ್ಕೆ ನಡೆದು ಹೋಗಿ, ಮತ್ತೆ ಓರೆ ತಿದ್ದಿ ಕಲಿತ ಅನುಭವವೇ ಅವರ ಆಸರೆಯಾಗಿದ್ದಿರಬೇಕು. ನನ್ನ ವಿದ್ಯಾರ್ಥಿನಿ ಗುಂಡನ್ನು ಎಸೆದು ಕಲಿತದ್ದೂ ಹಾಗೆಯೇ.

ನಿಮ್ಮಲ್ಲಿ ಒಂದು ವಿನಂತಿ

ಹಾಗಾದರೆ ಪುಸ್ತಕ ಸುಳ್ಳೇ? ಖಂಡಿತ ಅಲ್ಲ. ಮಕ್ಕಳೇ, ಪರೀಕ್ಷೆಯಲ್ಲಿ ‘ಗಾಳಿಯ ತಡೆ ಇಲ್ಲದೆ, ಸಮತಲದಲ್ಲಿ, ನಿಗದಿತ ವೇಗದಲ್ಲಿ’ ಎಂದು ಕೇಳಿದರೆ 45 ಡಿಗ್ರಿ ಎಂದೇ ಬರೆಯಿರಿ. ಅದು ನೂರಕ್ಕೆ ನೂರು ಸತ್ಯ. ಆದರೆ ಆ ಷರತ್ತುಗಳನ್ನೂ ಜೊತೆಗೆ ಬರೆಯಿರಿ. ಷರತ್ತು ಬಿಟ್ಟು ಉತ್ತರ ಮಾತ್ರ ಕಲಿತವನು ಪ್ರಶ್ನೆ ಸ್ವಲ್ಪ ಬದಲಾದರೂ ದಾರಿ ತಪ್ಪುತ್ತಾನೆ. ನಾನು ತಪ್ಪಿದ್ದು ಹಾಗೆಯೇ. ನನ್ನ ಪ್ರಶ್ನೆಯಲ್ಲಿ ‘ಗುಂಡು’ ಎಂದಿತ್ತು, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಗಾಳಿಯಿಲ್ಲದ ಲೋಕದ ಒಂದು ಬಿಂದುವನ್ನು. ಪ್ರಶ್ನೆಯನ್ನು ಸರಿಯಾಗಿ ಓದಿದ್ದು ಆಕೆ, ಓದದೆ ಇದ್ದದ್ದು ಅದನ್ನು ಬರೆದ ನಾನು.

ಅಧ್ಯಾಪಕ ಮಿತ್ರರೇ, ಮಗು ಪುಸ್ತಕದಲ್ಲಿಲ್ಲದ ಉತ್ತರ ಬರೆದಾಗ ಗೆರೆ ಎಳೆಯುವ ಮೊದಲು ‘ಏಕೆ ಹೀಗೆ ಬರೆದೆ?’ ಎಂದು ಒಮ್ಮೆ ಕೇಳಿ. ಹತ್ತರಲ್ಲಿ ಎಂಟು ಸಲ ಮಗುವಿನದೇ ತಪ್ಪಿರಬಹುದು, ಕೇಳಿದ್ದರಿಂದ ಆ ತಪ್ಪು ತಿದ್ದಲು ದಾರಿಯಾಗುತ್ತದೆ. ಉಳಿದ ಎರಡು ಸಲ ನೀವು ಕಲಿಯುತ್ತೀರಿ. ಪೋಷಕರೇ, ಹೆಣ್ಣುಮಗಳು ಮೈದಾನದಿಂದ ಒಂದು ಪ್ರಶ್ನೆ ಹೊತ್ತು ಮನೆಗೆ ಬಂದರೆ, ಆಟ ಬಿಟ್ಟು ಪಾಠ ಓದು ಎನ್ನುವ ಮೊದಲು ಆ ಪ್ರಶ್ನೆಯೂ ಪಾಠವೇ ಇರಬಹುದು ಎಂದು ಯೋಚಿಸಿ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಇದಕ್ಕೆ ಖರ್ಚಿಲ್ಲ. ಗಿಡಗಳಿಗೆ ನೀರು ಬಿಡುವ ಪೈಪಿನ ತುದಿಯನ್ನು ನೆಲಕ್ಕೆ ಹತ್ತಿರ ಹಿಡಿಯಿರಿ. ರಟ್ಟಿನಲ್ಲಿ ಕತ್ತರಿಸಿದ ಕೋನಮಾಪಕವನ್ನು ಪಕ್ಕಕ್ಕಿಡಿ. ನೀರಿನ ರಭಸ ಬದಲಿಸದೆ 30, 45, 60 ಡಿಗ್ರಿಗಳಲ್ಲಿ ನೀರು ಎಲ್ಲಿ ಬೀಳುತ್ತದೆ ಎಂದು ಕಡ್ಡಿ ನೆಟ್ಟು ಗುರುತು ಮಾಡಿ. 30 ಮತ್ತು 60ರ ಕಡ್ಡಿಗಳು ಹತ್ತಿರ ಹತ್ತಿರ ಬರುತ್ತವೆ, 45ರ ಕಡ್ಡಿ ಮುಂದಿರುತ್ತದೆ. ಆಮೇಲೆ ಅದೇ ಪೈಪನ್ನು ಹೆಗಲ ಎತ್ತರಕ್ಕೆ ಹಿಡಿದು ಮತ್ತೆ ಮಾಡಿ. ಈಗ ಯಾವ ಓರೆಯ ನೀರು ಅತಿ ದೂರ ಬೀಳುತ್ತದೆ? ಉತ್ತರವನ್ನು ನಾನು ಹೇಳುವುದಿಲ್ಲ. ಬರೆದಿಟ್ಟುಕೊಳ್ಳಿ, ನಿಮ್ಮ ಭೌತಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ. ಅವರು ಗೆರೆ ಎಳೆದರೆ ಈ ಸಂಚಿಕೆಯ ಈ ಪುಟವನ್ನು ತೆರೆದು ಮುಂದಿಡಿ.

ಆ ವಿದ್ಯಾರ್ಥಿನಿ ಇಂದು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಆಕೆಯ ಮಕ್ಕಳು ಇಂದು ಬಹುಮಾನ ಪಡೆಯುವ ವಯಸ್ಸಿನವರಾಗಿರಬಹುದು. ಈ ಸಂಚಿಕೆ ಎಂದಾದರೂ ಆಕೆಯ ಕೈ ಸೇರಿದರೆ ಇಷ್ಟು ಓದಿಕೊಳ್ಳಲಿ: ತಾಯಿ, ನಿನ್ನ ಉತ್ತರ ಸರಿಯಾಗಿತ್ತು. ಎರಡು ಅಂಕಗಳನ್ನು ಈಗ ಕೊಡುತ್ತಿದ್ದೇನೆ. ತಡವಾಯಿತು, ಕ್ಷಮಿಸು.